ಇಪ್ಪತ್ತೆಂಟು ಇಂಚು

ಆಗಸ್ಟ್ 8, 1999, ಭಾನುವಾರ

'ನೀರು ತಾನು ಕಂಡದ್ದನ್ನು ದಡಕ್ಕೆ ಹೇಳುವುದಿಲ್ಲ.' ಎಲ್ಲಿ ಓದಿದ್ದು ಎಂದು ಬೆಳಗಿನಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಎಂ.ಎ. ಓದುವಾಗ ಹಾಸ್ಟೆಲಿನ ಗೋಡೆಯ ಮೇಲೆ ಯಾರೋ ಬರೆದಿದ್ದ ಸಾಲು ಇರಬೇಕು. 'ಹೇಳುವುದಿಲ್ಲ' ಎಂದಿತ್ತೋ, 'ಹೇಳಿ ಮುಗಿಸುವುದಿಲ್ಲ' ಎಂದಿತ್ತೋ ಖಚಿತವಿಲ್ಲ. ಮುಂದಿನ ಸಾಲಂತೂ ಪೂರ್ತಿ ಮರೆತಿದೆ. ಇಪ್ಪತ್ಮೂರರ ವಯಸ್ಸಿನಲ್ಲಿ ಅದು ಬಹಳ ಆಳದ ಮಾತಾಗಿ ಕಂಡಿತ್ತು. ಇವತ್ತು ನದಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು ನೋಡಿದೆ. ಮೇಲೆ ಮಳೆಯಾಗಿ ಕಪಿಲೆ ಕೆಂಪಗೆ ಹರಿಯುತ್ತಿದೆ. ಆ ನೀರಿಗೆ ತನ್ನ ತಳವೇ ಕಾಣುತ್ತಿರಲಿಕ್ಕಿಲ್ಲ, ಇನ್ನು ಹೇಳುವುದೇನನ್ನು?

ತಮ್ಮ ಅಮೃತೇಶ ಬಂದು ಎರಡು ವಾರವಾಯಿತು. ಬಟ್ಟೆಯ ಎರಡು ಚೀಲ, ಒಂದು ರೇಡಿಯೊ, ಸ್ಪ್ಯಾನರುಗಳ ಒಂದು ಡಬ್ಬ. ಸ್ಪ್ಯಾನರು ಇಲ್ಲೇಕೆ ಎಂದರೆ "ಇರ್ಲಿ ಬಿಡಕ್ಕ, ಕೈಗೆ ಅಭ್ಯಾಸ" ಎಂದ. ಸಕ್ಕರೆ ಕಾಯಿಲೆ ಅವನ ಬಲಗಣ್ಣನ್ನು ಕಳೆದ ವರ್ಷವೇ ತೆಗೆದುಕೊಂಡಿತು. ಎಡಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದಂತೆ. ಜೂನ್‌ನಲ್ಲಿ ಟಿ. ನರಸೀಪುರದಲ್ಲಿ ಮೊಪೆಡ್ಡನ್ನು ಜಲ್ಲಿ ಗುಡ್ಡೆಗೆ ನುಗ್ಗಿಸಿ ಮಂಡಿ ಒಡೆದುಕೊಂಡ. ಆಮೇಲೆ ನಾನೇ ನಂಜನಗೂಡಿಗೆ ಕರೆದುಕೊಂಡು ಬಂದೆ. ನನಗೆ ಮದುವೆಯಿಲ್ಲ, ಅವನಿಗೆ ಮದುವೆ ಉಳಿಯಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಇಬ್ಬರೂ ಒಂದೇ ಸೂರಿನಡಿ ಇರುವುದು ಇದೇ ಮೊದಲು.

ಬೆಳಗ್ಗೆ ಅವನಿಗೆ ಪೇಪರ್ ಓದಿ ಹೇಳುತ್ತೇನೆ. ಇವತ್ತು ಒಳಪುಟದಲ್ಲಿ ಗುಂಡ್ಲುಪೇಟೆ ರಸ್ತೆಯ ಜೀಪ್ ಅಪಘಾತದ ಸುದ್ದಿಯಿತ್ತು. ಅದನ್ನು ಬಿಟ್ಟು ಕೆಳಗಿನ ಕಬಿನಿ ಅಣೆಕಟ್ಟೆಯ ನೀರಿನ ಮಟ್ಟ ಓದಿದೆ. ಅವನಿಗೆ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ.

ಆಗಸ್ಟ್ 14, ಶನಿವಾರ

ಮೈಸೂರಿಗೆ, ಕಣ್ಣಿನ ಡಾಕ್ಟರ ಬಳಿ. ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನನ್ನು ಒಳಗೆ ಕರೆದರು. ಎಡಗಣ್ಣಿನ ಹಿಂದೆ ಹೊಸ ರಕ್ತನಾಳಗಳು ಬೆಳೆದಿವೆ, ಬಹಳ ಮೆದು, ಯಾವಾಗ ಬೇಕಾದರೂ ಒಡೆಯಬಹುದು. ಲೇಸರ್ ಮಾಡಿದ್ದಾಗಿದೆ, ಇನ್ನು ಮಾಡಿ ಪ್ರಯೋಜನವಿಲ್ಲ. "ದೀಪಾವಳಿಯವರೆಗೆ ಇದ್ದರೆ ಅದೃಷ್ಟ ಅನ್ಕೊಳ್ಳಿ. ಅವರಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?" ನಾನೇ ಹೇಳುತ್ತೇನೆ ಎಂದೆ.

ಬಸ್ಸಿನಲ್ಲಿ ಕಡಕೊಳ ದಾಟುವವರೆಗೂ ಅವನು ಕೇಳಲಿಲ್ಲ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ.

"ಏನಂದ್ರಕ್ಕ?"

"ಹೀಗೇ ನಿಲ್ಲುತ್ತಂತೆ. ಸಕ್ಕರೆ ಹತೋಟೀಲಿ ಇಟ್ಕೋಬೇಕಂತೆ."

"ಹಂಗಾದ್ರೆ ಅವಸರ ಇಲ್ಲ ಅನ್ನು." ಮುಖ ಸಡಿಲವಾಯಿತು. "ನನ್ನ ಹಳೇ ಕಾರಿಗೆ ಇಂಜಿನ್ ನಿಧಾನಕ್ಕೇ ಹುಡುಕ್ಬೋದು. ಸಿಕ್ಕಿದ್ದನ್ನ ತುರುಕೋದು ಬೇಡ."

ನಂಜನಗೂಡಿನ ಸೇತುವೆ ಬರುವವರೆಗೂ ಇಂಜಿನ್ ಮಾತೇ ಆಡಿದ. ಎಷ್ಟೋ ತಿಂಗಳಿಂದ ಇಷ್ಟು ಮಾತಾಡಿರಲಿಲ್ಲ. ನಾಳೆ ಹೇಳಬಹುದು.

ಆಗಸ್ಟ್ 22, ಭಾನುವಾರ

ಅವನ ಜೊತೆ ಟಿ. ನರಸೀಪುರದ ಷೆಡ್ಡಿಗೆ ಹೋಗಿದ್ದೆ. ಅವನೂ ಚೆಲುವರಾಜುವೂ ಸೇರಿ ಇಪ್ಪತ್ತು ವರ್ಷ ಟ್ರಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡಿದ ಜಾಗ. ಈಗ ಚೆಲುವರಾಜು ಒಬ್ಬನೇ ನಡೆಸುತ್ತಿದ್ದಾನೆ. ಹಿಂಭಾಗದಲ್ಲಿ ಟಾರ್ಪಾಲಿನಡಿ ಆ ಕಾರು.

ಎರಡೇ ಸೀಟಿನ, ಮೇಲೆ ತೆರೆದ, ಇಂಗ್ಲೆಂಡಿನ ಎಂ.ಜಿ. ಅಮೃತೇಶನಿಗೆ ಇಪ್ಪತ್ನಾಲ್ಕು ವರ್ಷವಿದ್ದಾಗ ಮೈಸೂರಿನ ಒಬ್ಬ ವಕೀಲರಿಂದ ತಂದದ್ದು. ಏಳು ವರ್ಷ ಓಡಿಸಿದ. ಆಮೇಲೆ ಒಂದು ಬೇಸಿಗೆ ಅವನು ಊರಲ್ಲಿಲ್ಲದಾಗ ಅಪ್ಪ ಅದರ ಇಂಜಿನ್ ಇಳಿಸಿ, ನಮ್ಮೂರು ಹದಿನಾರಿನ ಗದ್ದೆಗೆ ನದಿಯಿಂದ ನೀರೆತ್ತಲು ಹಾಕಿಸಿದರು. ಸೀಮೆಎಣ್ಣೆ ಕುಡಿಸಿ ಕುಡಿಸಿ ಆ ಇಂಜಿನ್ ಒಡೆದೇಹೋಯಿತು. ಅಪ್ಪನ ದೃಷ್ಟಿಯಲ್ಲಿ ಅದು ಇಂಜಿನ್, ಗದ್ದೆಗೆ ನೀರು ಬೇಕು, ಅಷ್ಟೆ. ಅಮೃತೇಶ ಜಗಳವಾಡಲಿಲ್ಲ. ಕಾರಿಗೆ ಟಾರ್ಪಾಲು ಹೊದಿಸಿದ. ಹದಿಮೂರು ವರ್ಷ ಅದು ಹಾಗೇ ನಿಂತಿದೆ.

ಈಗ ಮೂರು ಇಂಜಿನ್‌ಗಳ ಮಾತು.

"ಡೀಜಲ್ ಆಕ್ಬುಡಿ ಸಾ. ಮೆಟಡಾರ್ದು ಅದೆ. ಎಲ್ ಬೇಕಾದ್ರೂ ಸಿಕ್ತದೆ" ಎಂದ ಚೆಲುವರಾಜು.

"ಲೋ, ಇದು ಕಬ್ಬು ಹೊರೋ ಗಾಡಿ ಅಲ್ಲ ಕಣ್ಲಾ."

"ಹಂಗಾರೆ ಅಂಬಾಸಡರ್ ಪೆಟ್ರೋಲು. ಇದ್ರದ್ದೂ ಅದ್ರದ್ದೂ ದಾಯಾದಿಗಳೇಯ. ಅದೇ ಬೋಲ್ಟು, ಅದೇ ತೂತು. ಕಣ್ಮುಚ್ಕಂಡ್ ಕೂರ್ತದೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಮೃತೇಶ ನಕ್ಕ. "ಕಣ್ಮುಚ್ಕೊಂಡು ಕೂರಕ್ಕೆ ನಾನೊಬ್ಬ ಸಾಕಲ್ವೇನೋ. ನಂಗೆ ಕಾಂಟೆಸಾದು ಬೇಕು. ಜಪಾನಿನ ಇಸುಜು. ಐದು ಗೇರು, ಓಟ ಜಾಸ್ತಿ."

ಚೆಲುವರಾಜು ತಲೆ ಕೆರೆದುಕೊಂಡ. ತಾನು ಆ ಇಂಜಿನ್ ಬಿಚ್ಚಿದವನಲ್ಲ, ಉದ್ದ ಎಷ್ಟೋ ಏನೋ, ಕೂರದಿದ್ದರೆ ಹಿಂದಿನ ತಗಡು ಕತ್ತರಿಸಬೇಕಾಗುತ್ತದೆ ಎಂದ. ಅಮೃತೇಶನ ದನಿ ಗಡುಸಾಯಿತು. "ಕತ್ತರಿಸೋ ಮಾತಾಡ್ಬೇಡ. ಒಂದಿಂಚೂ ಕತ್ತರಿಸಲ್ಲ. ಕೂತ್ರೆ ಕೂರ್ಲಿ, ಇಲ್ದಿದ್ರೆ ಅದು ಇದ್ರದ್ದಲ್ಲ."

ಟೇಪ್ ನನ್ನ ಕೈಗೆ ಕೊಟ್ಟರು. ಮುಂದಿನ ರೇಡಿಯೇಟರಿನಿಂದ ಹಿಂದಿನ ತಗಡಿನ ಗೋಡೆಯವರೆಗೆ ಮೂವತ್ತೊಂದು ಇಂಚು. ಅವನು ಖಾಲಿ ಜಾಗದೊಳಗೆ ಕೈಯಿಟ್ಟು ನಿಂತಿದ್ದ. ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು.

ವಾಪಸು ಬಸ್ಸಿನಲ್ಲಿ ಹೇಳಿದ: "ಇದೇ ರಸ್ತೇಲಿ ಒಂದ್ಸಲ ಎಂಬತ್ತು ಮೈಲಿ ಹೋಗಿದ್ದೆ ಅಕ್ಕ. ಅಷ್ಟು ಸ್ಪೀಡಿಗೆ ಎರಡೂ ಕಡೆ ಮರ ಮರವಾಗಿ ಕಾಣಲ್ಲ. ಗೋಡೆ ಆಗೋಗ್ತವೆ. ಹಸಿರು ಗೋಡೆ. ನಡುವೆ ನೀನೊಬ್ಳು. ಕಣ್ಣಿರೋವಾಗ ಇನ್ನೊಂದ್ಸಲ ಅದನ್ನ ನೋಡ್ಬೇಕು."

ಇದು ಜಲ್ಲಿ ಗುಡ್ಡೆ ಕಾಣದವನ ಮಾತು. ಓಡಿಸಬೇಡ ಎಂದರೆ ಕೇಳುವವನಲ್ಲ, ಏಕೆ ಎನ್ನುತ್ತಾನೆ. ಏಕೆ ಎಂದು ಹೇಳಬೇಕಾದರೆ ಡಾಕ್ಟರು ಹೇಳಿದ್ದನ್ನೇ ಹೇಳಬೇಕು.

ಸೆಪ್ಟೆಂಬರ್ 4, ಶನಿವಾರ

ಮೈಸೂರಿನ ಗುಜರಿ ಅಂಗಡಿಯಲ್ಲಿ ಮುಂಭಾಗ ನಜ್ಜುಗುಜ್ಜಾದ ಒಂದು ಕಾಂಟೆಸಾ ಬಂದಿದೆ ಎಂದು ಫೋನ್ ಬಂದಿತ್ತು. ಚೆಲುವರಾಜುವಿಗೆ ಯಾವುದೋ ಟ್ರಾಕ್ಟರಿನ ಕೆಲಸ, ಬರಲಿಲ್ಲ. ನಾವಿಬ್ಬರೇ ಹೋದೆವು.

ಇಂಜಿನ್ನನ್ನು ಇಳಿಸಿ ಮರದ ದಿಮ್ಮಿಗಳ ಮೇಲೆ ಇಟ್ಟಿದ್ದರು. ಅಂಗಡಿಯ ದೇವರಾಜು ಬ್ಯಾಟರಿ ತಂತಿ ಕೊಟ್ಟು, ಡಬ್ಬದಲ್ಲಿ ಪೆಟ್ರೋಲು ಹಿಡಿದು, ನಿಂತಲ್ಲೇ ಶುರು ಮಾಡಿ ತೋರಿಸಿದ. ಅಮೃತೇಶ ತಲೆ ಬಾಗಿಸಿ ಕೇಳಿದ, ಅಪ್ಪ ಜಂಗಮರ ಮಾತು ಕೇಳುತ್ತಿದ್ದ ಹಾಗೆ. ಒಂದು ನಿಮಿಷದ ಮೇಲೆ ಕೈಯೆತ್ತಿ ನಿಲ್ಲಿಸಲು ಹೇಳಿದ.

"ಒಂದು ಟ್ಯಾಪೆಟ್ ಸಡಿಲ ಇದೆ. ಮಿಕ್ಕಿದ್ದು ಚಿನ್ನ."

"ನಿಮ್ಮಂತ ಕಿವಿ ನಂಗಿದ್ದಿದ್ರೆ ಈ ಅಂಗಡಿ ಯಾಕ್ ಇಡ್ತಿದ್ದೆ ಸಾ" ಎಂದು ದೇವರಾಜು ಟೀ ಹೇಳಲು ಹೋದ.

ಅಮೃತೇಶ ಬಗ್ಗಿ ಗೇಣಿನಿಂದ ಅಳೆಯಲು ಹೋದ. ಒಂದು ಗೇಣು, ಎರಡು ಗೇಣು. ಅಲ್ಲಿಗೆ ನಿಲ್ಲಿಸಿ ಕೈಯನ್ನು ತೊಡೆಗೆ ಉಜ್ಜಿಕೊಂಡ. "ಬೆರಳ ತುದಿ ಜೋಮು ಹಿಡ್ದಿದೆ ಅಕ್ಕ. ಎಲ್ಲಿ ಮುಗೀತು ಅಂತ ಗೊತ್ತೇ ಆಗಲ್ಲ. ನೀನೇ ಟೇಪಿಡಿ."

ಮುಂದಿನ ಫ್ಯಾನಿನಿಂದ ಹಿಂದಿನ ತುದಿಯವರೆಗೆ ಎರಡು ಸಲ ಹಿಡಿದೆ. ಇಪ್ಪತ್ತೆಂಟು. ಕಾಲೇಜಿನ ಹಾಜರಿ ಚೀಟಿಯ ಹಿಂಭಾಗದಲ್ಲಿ ಬರೆದೆ: ಕಾಂಟೆಸಾ, ಫ್ಯಾನಿನಿಂದ ಹಿಂದಕ್ಕೆ, 28.

"ಎಷ್ಟು?"

ಅವನ ಎಡಗಣ್ಣು ನನ್ನ ಮುಖದ ಕಡೆಗಿತ್ತು, ಮುಖದ ಮೇಲಿರಲಿಲ್ಲ. ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತಿದ್ದ.

"ಮೂವತ್ತೆರಡೂವರೆ" ಎಂದೆ.

"ಇನ್ನೊಂದ್ಸಲ ನೋಡು."

"ಎರಡು ಸಲ ನೋಡಿದೆ."

ಅವನು ಇಂಜಿನ್ನಿನ ಮೇಲೆ ಅಂಗೈಯಿಟ್ಟುಕೊಂಡೇ ಇದ್ದ, ಇನ್ನೂ ಬೆಚ್ಚಗಿದ್ದಿರಬೇಕು. ಆಮೇಲೆ "ಚೀಟಿ ಕೊಡು, ಚೆಲುವನಿಗೆ ಬೇಕಾಗ್ಬೋದು" ಎಂದು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ.

ಸೆಪ್ಟೆಂಬರ್ 5, ಭಾನುವಾರ

ಬಾಯಲ್ಲಿ ಸುಳ್ಳು ಬಂತು, ಕೈಯಲ್ಲಿ ಬರಲಿಲ್ಲ. ಇಪ್ಪತ್ತೈದು ವರ್ಷ ಹುಡುಗಿಯರ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದ ಕೈ. ಕಾಗದದ ಮೇಲೆ ಇಲ್ಲದ ಅಂಕಿ ಬರೆಯುವುದು ಅದಕ್ಕೆ ಗೊತ್ತಿಲ್ಲ. ಅದೂ ಒಂದು ಸಮಾಧಾನವೇ. ನಾನು ಸುಳ್ಳುಗಾರಳಾಗಿದ್ದರೆ ಎರಡೂ ಕಡೆ ಅದನ್ನೇ ಹೇಳುತ್ತಿದ್ದೆ.

ಒಬ್ಬನ ಜೀವ ಉಳಿಯುವುದಾದರೆ ನಾಲ್ಕೂವರೆ ಇಂಚು ದೊಡ್ಡದಲ್ಲ.

ಓದಲೆಂದು ಕವನ ಸಂಕಲನ ತೆಗೆದೆ. ಮನಸ್ಸು ನಿಲ್ಲಲಿಲ್ಲ.

ಸೆಪ್ಟೆಂಬರ್ 21, ಮಂಗಳವಾರ

ಕೊನೆಗೆ ಅಂಬಾಸಡರ್ ಇಂಜಿನ್ನೇ ಎಂದು ತೀರ್ಮಾನವಾಯಿತು. ಕಳಲೆಯಲ್ಲಿ ಮನೆಯ ಮುಂದೆ ನಿಂತೇ ಹೋಗಿದ್ದ ಒಂದು ಕಾರಿನದ್ದು ಸಿಕ್ಕಿದೆ. "ಏನೋ ಒಂದು, ತಿರುಗಿದ್ರೆ ಸಾಕು" ಎಂದ ಅಮೃತೇಶ. ಹೆಣ್ಣು ಒಪ್ಪದವನಿಗೆ ಮದುವೆ ಮಾಡಿದ ಹಾಗಿತ್ತು ಮುಖ. ಆ ಸವೆದ ಇಂಜಿನ್ನಿನಲ್ಲಿ ಕಾರು ಅರವತ್ತು ಎಪ್ಪತ್ತು ಕಿಲೋಮೀಟರು ಮೀರಲಾರದು ಎಂದು ಚೆಲುವರಾಜು ನನಗೆ ಹೇಳಿದ, ಕ್ಷಮೆ ಕೇಳುವವನಂತೆ. ನನಗೆ ಬೇಕಾಗಿದ್ದೂ ಅದೇ.

ಆದರೆ ಇವತ್ತು ಒಂದು ಕಾರ್ಡು ಬಂತು, ಚಿಕ್ಕಯ್ಯನಛತ್ರದ ಜವರಯ್ಯ ಎಂಬುವರಿಂದ. ಅಮೃತೇಶನ ಹಳೆಯ ಗಿರಾಕಿ, ಅವರ ಮನೆಯಲ್ಲೂ ಒಂದು ಕಾಂಟೆಸಾ ಕೆಟ್ಟು ನಿಂತಿದೆ. ಅದರ ಇಂಜಿನ್ ಅಳೆದು ತಿಳಿಸಿ ಎಂದು ಇವನು ಚೆಲುವರಾಜುವಿನಿಂದ ಕಾಗದ ಬರೆಸಿದ್ದಾನೆ. ನನಗೆ ಹೇಳಿರಲಿಲ್ಲ.

"ಅಷ್ಟುದ್ದ ಯಾಕಿರುತ್ತೆ ಅಂತ ತಲೆ ಕೊರೀತಿತ್ತು ಅಕ್ಕ. ಗುಜರಿಯೋನು ಬೇರೆ ಫ್ಯಾನ್ ಹಾಕಿದ್ನೇನೋ ಅಂತ. ಓದು, ಎಷ್ಟಂತೆ?"

ಕಾರ್ಡಿನಲ್ಲಿ ಹೀಗಿತ್ತು: 'ಕ್ಷೇಮ. ತಾವು ಹೇಳಿದಂತೆ ಅಳೆಸಿದೆ. ಇಪ್ಪತ್ತೆಂಟು ಇಂಚು ಬಂತು. ಬೇಕಾದರೆ ಇಂಜಿನ್ ಕೊಡಲು ಅಡ್ಡಿಯಿಲ್ಲ, ಬಂದು ನೋಡುವುದು.'

"ಮೂವತ್ತೆರಡರ ಮೇಲೆ ಅಂತ ಬರೆದಿದ್ದಾರೆ" ಎಂದು ಓದಿದೆ. "ಕ್ಷೇಮ ಕೇಳಿದ್ದಾರೆ."

ಈ ಸಲ ದನಿ ನಡುಗಲಿಲ್ಲ. ಕಾರ್ಡನ್ನು ಕವನ ಸಂಕಲನದೊಳಗಿಟ್ಟೆ. ಇನ್ನು ಮುಂದೆ ಅಂಚೆಯವರು ಬಂದಾಗ ನಾನೇ ಹೋಗಿ ತೆಗೆದುಕೊಳ್ಳುವುದು ಒಳ್ಳೆಯದು. ನಾನು ಕಾಲೇಜಿನಲ್ಲಿದ್ದಾಗ ಬಂದರೆ ಕಿಟಕಿಯೊಳಗೆ ಹಾಕಿ ಹೋಗಿ ಎಂದು ಹೇಳಬೇಕು.

ಅಕ್ಟೋಬರ್ 7, ಗುರುವಾರ

ಆರ್.ಟಿ.ಓ. ಅರ್ಜಿ ತುಂಬಿದೆ. ಹಳೆಯ ಇಂಜಿನ್ ನಂಬರು, ಹೊಸ ಇಂಜಿನ್ ನಂಬರು, ಬದಲಾವಣೆಗೆ ಕಾರಣ. ಕಾರಣದ ಜಾಗದಲ್ಲಿ 'ಹಳೆಯದು ಒಡೆದುಹೋಗಿದೆ' ಎಂದು ಬರೆದೆ. ಅವನ ಕೈ ಹಿಡಿದು ಸಹಿಯ ಗೆರೆಯ ಮೇಲಿಟ್ಟೆ. ಗೆರೆ ದಾಟಿ ಕೆಳಗಿಳಿಯಿತು ಸಹಿ.

ಚೆಲುವರಾಜು ವಾರಕ್ಕೆ ಮೂರು ಸಲ ಬಂದು ತಲೆ ತಿನ್ನುತ್ತಾನೆ. ನಿಮ್ಮ ಸಾರ್‌ಗೆ ಆಯಾಸವಾಗುತ್ತದೆ, ಭಾನುವಾರ ಮಾತ್ರ ಬಾ ಎಂದು ಹೇಳಿ ಕಳಿಸಿದೆ.

ಅಕ್ಟೋಬರ್ 18, ಸೋಮವಾರ, ಆಯುಧಪೂಜೆ

ಷೆಡ್ಡಿನಲ್ಲಿ ಪೂಜೆ. ಸ್ಪ್ಯಾನರು, ಸುತ್ತಿಗೆ, ಜ್ಯಾಕು, ವೆಲ್ಡಿಂಗ್ ಮೆಷಿನ್ನು ಎಲ್ಲಕ್ಕೂ ವಿಭೂತಿ, ಕುಂಕುಮ. ಕಾರನ್ನು ತೊಳೆದು ಚೆಂಡುಹೂವಿನ ಹಾರ ಹಾಕಿದ್ದರು. ಎದುರಿನ ಹೋಟೆಲಿನ ಚಿಕ್ಕಮಾದಮ್ಮ ಚಕ್ರದಡಿ ನಿಂಬೆಹಣ್ಣು ಇಟ್ಟು, "ಗಂಡಿಲ್ದೆ ಇಷ್ಟ್ ದಿನ ಕುಂತಿದ್ಲು, ಇವತ್ತು ಒಂಟ್ಲು ನೋಡಿ" ಎಂದಳು. ಎಲ್ಲರೂ ನಕ್ಕರು.

ಕೀಲಿಕೈ ಚೆಲುವರಾಜುವಿನ ಕೈಯಲ್ಲಿತ್ತು. ಅಮೃತೇಶ ಬಾಗಿಲು ತಡಕಿ, ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತ. ನಾನು ಅಲ್ಲೇ ನಿಂತಿದ್ದೆ. ಎಡಗಣ್ಣಿನ ಮೇಲೆ ಕೈಮರೆ ಮಾಡಿಕೊಂಡಿದ್ದ, ಬಿಸಿಲಿಗೆ. ನಂಜನಗೂಡಿನ ರಸ್ತೆಯ ಕಡೆ ಹೋದರು. ಅರ್ಧ ಗಂಟೆಗೆ ವಾಪಸು ಬಂದರು.

"ಎಪ್ಪತ್ತು ಮುಟ್ಟುಸ್ದೆ ಅಕ್ಕೋರೆ. ಮೇಲೆ ಓದ್ರೆ ನಡುಗ್ತದೆ" ಎಂದ ಚೆಲುವರಾಜು.

ಅಮೃತೇಶ ಇಳಿಯಲಿಲ್ಲ. ನಾನು ಹತ್ತಿರ ಹೋದಾಗ ಹೇಳಿದ: "ಮರ ಮರವಾಗೇ ಇದ್ವಕ್ಕ. ಒಂದೊಂದನ್ನೂ ಎಣಿಸ್ಬೋದಿತ್ತು."

"ಇಷ್ಟೇ ಸಾಕು ಬಿಡೋ. ನೀನೇ ಓಡಿಸ್ತೀಯೇನೋ ಅಂತ ನಂಗೆ ಜೀವ ಕೈಲಿತ್ತು."

ಅವನು ನನ್ನ ದನಿಯ ಕಡೆ ತಿರುಗಿದ. "ನಾನಾ? ನಂಗೇನು ಹುಚ್ಚಾ? ಜಲ್ಲಿ ಗುಡ್ಡೆಗೆ ನುಗ್ಗಿದ ದಿನಾನೇ ಎಲ್ಲಾ ಗಾಡಿ ಕೀನೂ ಚೆಲುವನಿಗೆ ಕೊಟ್ಬಿಟ್ಟೆ. ಓಡಿಸೋದು ಅವ್ನೇ ಅಂತ ಮೊದ್ಲಿಂದ್ಲೂ ಮಾತಾಗಿತ್ತು. ನಾನು ಪಕ್ಕ ಕೂತು ನೋಡೋದು. ಅಷ್ಟಕ್ಕೇ ಅಲ್ವಾ ಇಷ್ಟೆಲ್ಲಾ."

ಚೆಲುವರಾಜು ಹೌದೆಂದು ತಲೆಯಾಡಿಸಿದ.

ನಾನು ಯಾರನ್ನೂ ಕೇಳಿರಲಿಲ್ಲ. ಎರಡು ತಿಂಗಳಲ್ಲಿ ಒಂದು ಸಲವೂ, ಓಡಿಸುವುದು ಯಾರು ಎಂದು ಕೇಳಿರಲಿಲ್ಲ.

ಜವರಯ್ಯನವರ ಇಂಜಿನ್ ಇನ್ನೂ ಇದ್ದೀತು. ಎರಡು ವಾರದ ಕೆಲಸ. ದೀಪಾವಳಿಗೆ ಮೂರು ವಾರವಿದೆ. ಹಬ್ಬದ ದಿನ, ಅಷ್ಟು ಜನರ ಮುಂದೆ ಹೇಗೆ ಹೇಳಲಿ. ನಾಳೆ ಹೇಳುತ್ತೇನೆ.

ಅಕ್ಟೋಬರ್ 19, ಮಂಗಳವಾರ

ಹೇಳಲಿಲ್ಲ. ಅವನಿಗೆ ನೆಗಡಿ.

ಅಕ್ಟೋಬರ್ 24, ಭಾನುವಾರ

ಇವತ್ತು ಹೇಳಬೇಕೆಂದೇ ಕಾಫಿ ಹಿಡಿದು ಹೋದೆ. ಅವನು ಸ್ಪ್ಯಾನರುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಗಾತ್ರದ ಪ್ರಕಾರ ಜೋಡಿಸುತ್ತಿದ್ದ. ಒಂದು ಸ್ಪ್ಯಾನರು ತಪ್ಪು ಜಾಗದಲ್ಲಿತ್ತು. ನಾನು ಅದನ್ನು ಸರಿಯಾದ ಜಾಗದಲ್ಲಿಟ್ಟೆ. ಅವನಿಗೆ ಹೇಳಲಿಲ್ಲ. ಆಮೇಲೆ ಇನ್ನೊಂದನ್ನು ಹೇಳುವುದು ಕಷ್ಟವಾಯಿತು.

ಹೇಳುವುದಾದರೆ ಮೂರನ್ನೂ ಹೇಳಬೇಕು. ಡಾಕ್ಟರದ್ದು, ಟೇಪಿನದ್ದು, ಕಾರ್ಡಿನದ್ದು. ಯಾವುದರಿಂದ ಶುರು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದು ನೋಡಿದೆ. ಬರೆದಾಗ ಮೂರು ಸಾಲೂ ಸರಿಯಾಗಿಯೇ ಇದ್ದವು.

ಅಕ್ಟೋಬರ್ 30, ಶನಿವಾರ

ಕಿರುಪರೀಕ್ಷೆ. ತೊಂಬತ್ತು ಪತ್ರಿಕೆ. ಮುಗಿಯಲಿ.

ನವೆಂಬರ್ 3, ಬುಧವಾರ

ಬೆಳಗ್ಗೆ ಲಿಂಗಪೂಜೆಗೆ ಕೂತಿದ್ದವನು ಕರೆದ. ಕೂಗಲಿಲ್ಲ, ಮೆಲ್ಲಗೆ ಕರೆದ.

"ಅಕ್ಕ, ಮಸಿ ಸುರಿದಂಗೆ ಆಗ್ತಿದೆ. ಮೇಲಿಂದ ಕೆಳಕ್ಕೆ ಇಳೀತಿದೆ."

ಹಣೆಯ ವಿಭೂತಿ ಇನ್ನೂ ಒದ್ದೆಯಿತ್ತು. ನಾನು ರಿಕ್ಷಾ ತರುವಷ್ಟರಲ್ಲಿ ಇಳಿದು ಮುಗಿದಿತ್ತು.

ನವೆಂಬರ್ 5, ಶುಕ್ರವಾರ

ಡಾಕ್ಟರು ಅವನ ಮುಂದೆಯೇ ಹೇಳಿದರು. "ನಿಮ್ಮಕ್ಕನಿಗೆ ಆಗಸ್ಟ್‌ನಲ್ಲೇ ಹೇಳಿದ್ನಲ್ಲ. ದೀಪಾವಳಿ ತನಕ ಬಂದಿದ್ದೇ ಹೆಚ್ಚು." ಅಮೃತೇಶ ತಲೆಯಾಡಿಸಿದ. "ಹೌದು ಸರ್, ಹೇಳಿದ್ರು" ಎಂದ.

ನಾನು ಹೇಳಿರಲಿಲ್ಲ. ದಾರಿಯಲ್ಲಿ ಅದನ್ನು ಎತ್ತುತ್ತಾನೆ ಎಂದುಕೊಂಡಿದ್ದೆ. ಎತ್ತಲಿಲ್ಲ. ದುಃಖದಲ್ಲಿ ಡಾಕ್ಟರ ಮಾತು ಸರಿಯಾಗಿ ಕಿವಿಗೆ ಬಿದ್ದಿರಲಾರದು.

ನವೆಂಬರ್ 14, ಭಾನುವಾರ

ಚೆಲುವರಾಜು ಆರ್.ಸಿ. ಪುಸ್ತಕ ತಂದಿದ್ದ. ಹೊಸ ಇಂಜಿನ್ ನಂಬರು ಹತ್ತಿದೆ, ಸೀಲು ಬಿದ್ದಿದೆ. ಅಮೃತೇಶನ ಎದುರು ಕೂತು ಒಂದೊಂದೇ ಹಾಳೆ ಮಗುಚಿ ತೋರಿಸುತ್ತಿದ್ದ, ಕಾಣುವವನಿಗೆ ತೋರಿಸುವ ಹಾಗೆ. ನಾನು ಒಳಗಿಂದ ಕಾಫಿ ತರುತ್ತಿದ್ದೆ.

"ಇದೇನ್ ಸಾ ಚೀಟಿ ಇದ್ರ ಕವರ್ ಒಳಗೆ. ಅಕ್ಕೋರ ಅಕ್ಷರ. ಕಾಂಟೆಸಾ, ಫ್ಯಾನಿಂದ ಇಂದಕ್ಕೆ... ಇಪ್ಪತ್ತೆಂಟು." ನಿಲ್ಲಿಸಿದ. "ಇಪ್ಪತ್ತೆಂಟಾ? ನಮ್ದು ಮೂವತ್ತೊಂದು ಜಾಗ. ಕೂರ್ತಿತ್ತಲ್ಲ ಸಾ. ಮೂರಿಂಚು ಮಿಗ್ತಿತ್ತು."

ನಾನು ಲೋಟಗಳನ್ನು ಹಿಡಿದು ಹೊಸ್ತಿಲಲ್ಲೇ ನಿಂತೆ.

ಅಮೃತೇಶ ಕೈಚಾಚಿ ಚೀಟಿ ತೆಗೆದುಕೊಂಡ. ಅದರ ಮೇಲೆ ಹೆಬ್ಬೆಟ್ಟು ಆಡಿಸಿದ. ಬರಹ ಬೆರಳಿಗೆ ಸಿಗುವಂಥದ್ದಲ್ಲ, ಅದೂ ಜೋಮು ಹಿಡಿದ ಬೆರಳು.

"ಅದು ಬೇರೆ ಇಂಜಿನ್‌ದು ಕಣ್ಲಾ" ಎಂದ. "ಅವತ್ತು ಅಕ್ಕ ನಾಲ್ಕೈದು ಅಳೆದ್ಲು. ಬೇರೇದರ ಚೀಟಿ ಇಟ್ಬಿಟ್ಟಿದೀನಿ."

"ಹಂಗಾ" ಎಂದ ಚೆಲುವರಾಜು. ಕಾಫಿ ಕುಡಿದು ಹೋದ.

ಅವತ್ತು ನಾವು ಅಳೆದದ್ದು ಒಂದೇ ಇಂಜಿನ್. ಅಮೃತೇಶನಿಗೆ ನೆನಪು ತಪ್ಪುತ್ತಿದೆ. ಸಕ್ಕರೆ ಏರಿಳಿತವಾದಾಗ ಹಾಗೆ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದು ಹೇಗೇ ಇರಲಿ, ಮುಗಿದು ಹೋದ ಮಾತನ್ನು ಕೆದಕುವುದರಲ್ಲಿ ಅರ್ಥವಿಲ್ಲ. ಈಗ ಹೇಳಿದರೂ ನೋಡುವ ಕಣ್ಣಿಲ್ಲ. ಸುಮ್ಮನೆ ನೋವು.

ನವೆಂಬರ್ 24, ಬುಧವಾರ

ನಮಗೀಗ ಒಂದು ಕ್ರಮ ಸಿಕ್ಕಿದೆ. ಬೆಳಗ್ಗೆ ನಾನೇ ಅವನ ಬಟ್ಟೆ ತೆಗೆದಿಡುತ್ತೇನೆ. ಯಾವ ಬಣ್ಣ ಎಂದು ಮೊದಲು ಕೇಳುತ್ತಿದ್ದ, ಈಗ ಕೇಳುವುದಿಲ್ಲ. ಪೇಪರನ್ನೂ ಓದು ಎನ್ನುವುದಿಲ್ಲ, ರೇಡಿಯೊ ಸಾಕು ಎನ್ನುತ್ತಾನೆ. ನನ್ನ ಗಂಟಲಿಗೂ ಬಿಡುವು. ಈಚೆಗೆ ಅರ್ಧಕ್ಕರ್ಧ ಸುದ್ದಿ ಬಿಟ್ಟೇ ಓದುತ್ತಿದ್ದೆ, ಕೆಟ್ಟದ್ದೇ ಹೆಚ್ಚು. ಮಾತ್ರೆ ಕೊಟ್ಟರೆ ಯಾವುದಕ್ಕೆ ಎನ್ನದೆ ನುಂಗುತ್ತಾನೆ. ಮೊದಲು ಎಷ್ಟು ವಾದ ಮಾಡುತ್ತಿದ್ದ.

ನಾನು ಕಾಲೇಜಿಗೆ ಹೊರಟ ಮೇಲೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾನಂತೆ, ಹನ್ನೊಂದರಿಂದ ಒಂದರವರೆಗೆ. ಪಕ್ಕದ ಮನೆಯ ಶಿವನಂಜಮ್ಮ ಹೇಳಿದರು. ಬಿಸಿಲು ಒಳ್ಳೆಯದೇ. ಚೆಲುವರಾಜು ವಾರದ ನಡುವೆ ಒಂದು ದಿನ ಬಂದು ಏನೋ ಕಾಗದ ಬರೆದುಕೊಟ್ಟು ಹೋದನಂತೆ. ಆರ್.ಟಿ.ಓ.ದ್ದಿರಬೇಕು.

ಕಾರನ್ನು ಮಾರಿಬಿಡೋಣವೇ ಎಂದು ಕೇಳಿದೆ. "ನಿನ್ನಿಷ್ಟ" ಎಂದ. ಹಾಗಾದರೆ ಸಂಕ್ರಾಂತಿಯ ಮೇಲೆ ನೋಡಬಹುದು.

ಒಟ್ಟಿನಲ್ಲಿ ಮನೆ ಶಾಂತವಾಗಿದೆ. ಇಷ್ಟು ಶಾಂತಿ ನಾನು ಬಯಸಿದ್ದೇ ಆಗಿತ್ತು. ಆದರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾಕೋ ಎದೆ ಒಣಗಿದ ಹಾಗಾಗುತ್ತದೆ. ಒಬ್ಬಳೇ ಇದ್ದಾಗ ಹೀಗೆ ಆಗುತ್ತಿರಲಿಲ್ಲ.

ಡಿಸೆಂಬರ್ 4, ಶನಿವಾರ

ಅರ್ಧ ದಿನದ ಕಾಲೇಜು. ಒಂದೂವರೆಗೆ ಬಂದೆ. ಗೇಟಿನ ಬಳಿ ಕುರ್ಚಿ ಇತ್ತು, ಅವನಿರಲಿಲ್ಲ. ಒಳಗೂ ಇರಲಿಲ್ಲ. ಬಚ್ಚಲು, ಹಿತ್ತಲು ನೋಡಿದೆ. ಕೋಲು ಕಾಣಲಿಲ್ಲ. ತಾನಾಗಿ ಗೇಟು ದಾಟಿದವನಲ್ಲ. ನದಿಯ ಯೋಚನೆ ಬಂತು. ಹೊರಡಲೆಂದು ಚಪ್ಪಲಿ ಮೆಟ್ಟುತ್ತಿರುವಾಗ ಶಿವನಂಜಮ್ಮ ಸೊಂಟದ ಮೇಲೆ ಮೊರ ಇಟ್ಟುಕೊಂಡೇ ಬಾಗಿಲಿಗೆ ಬಂದರು.

"ಗಾಬ್ರಿ ಆಗ್ಬೇಡಿ ಮೇಡಮ್ಮೋರೆ, ನಿಮ್ ತಮ್ಮ ನಮ್ ಜಗ್ಲಿ ಮೇಲೆ ಕುಂತವ್ನೆ. ಪೋಸ್ಟ್‌ನೋರು ಕೊಟ್ ಕಾರ್ಡ್ ಇಟ್ಕಂಡು, ಗ್ವಾಡೆ ಸವುರ್ಕಂಡ್ ಬಂದು, ಇದ್ರಲ್ಲಿ ಎಷ್ಟ್ ಇಂಚು ಅಂತ ಬರ್ದವ್ರೆ ಓದವ್ವ ಅಂದ. ನಂಗೆಲ್ಲಪ್ಪ ಓದಾಕ್ ಬಂದದು, ಇನ್ನರ್ಧ ಗಂಟೆಗೆ ನಿಮ್ಮಕ್ಕೋರೇ ಬತ್ತಾರಲ್ಲ ಅಂದೆ. ಬ್ಯಾಡ ಕಣವ್ವ, ನಿನ್ ಸೊಸೆ ಏಮಲತಾ ಆಪೀಸಿಂದ ಬರ್ಲಿ, ಸಂದೆ ಆದ್ರೂ ಸರಿ ಅಲ್ಲೀಗಂಟ ಇಲ್ಲೇ ಕುಂತಿರ್ತೀನಿ ಅಂದ."